ಯಾವ ಸೇರಿನಲ್ಲಿ ಅಳೆದದ್ದು? ಬಿಟ್-ಬೈಟುಗಳ ಲೆಕ್ಕ

ವಿಜಯನಗರದ ಮನೆಯೊಂದಕ್ಕೆ ಹೊಸದಾಗಿ ಇಂಟರ್‌ನೆಟ್ ಸಂಪರ್ಕ ಬರುತ್ತದೆ ಎಂದಿಟ್ಟುಕೊಳ್ಳೋಣ. ಕಂಬದಿಂದ ಕಂಬಕ್ಕೆ, ಮರದಿಂದ ಮರಕ್ಕೆ ಹಾಯ್ದು ಬಂದ ಕರಿಯ ತಂತಿಯನ್ನು ಕಿಟಕಿಯ ಸಂದಿಯಿಂದ ಒಳಗೆಳೆದು, ಗೋಡೆಗೆ ಪೆಟ್ಟಿಗೆ ಬಡಿದ ಹುಡುಗ ಹೇಳುತ್ತಾನೆ: 'ನೂರರ ಸ್ಪೀಡು ಸಾರ್, ಇನ್ನು ಯೋಚನೇನೇ ಇಲ್ಲ.' ಮನೆಯ ಯಜಮಾನರು ನಿವೃತ್ತ ಕನ್ನಡ ಮೇಷ್ಟ್ರು. ಸಂಜೆ ಕುಳಿತು ಹಳೆಯ ಚಲನಚಿತ್ರವೊಂದನ್ನು ಇಳಿಸಿಕೊಳ್ಳಲು ಹೊರಟರೆ ಪರದೆಯ ಮೇಲೆ ಕಾಣುವ ವೇಗ ಬರೀ ಹನ್ನೆರಡು. 'ಏನಪ್ಪಾ, ನೂರು ಅಂದೆ, ಹನ್ನೆರಡು ಬರ್ತಾ ಇದೆಯಲ್ಲ?' ಎಂದು ಫೋನು ಮಾಡಿದರೆ, 'ಇಲ್ಲ ಸಾರ್, ನೂರೇ ಬರ್ತಾ ಇದೆ' ಎಂಬ ಉತ್ತರ. ಅದೇ ವಾರ ಮಗ ಒಂದು ಟೆರಾಬೈಟಿನ ಡಿಸ್ಕ್ ತಂದು ಕಂಪ್ಯೂಟರಿಗೆ ಜೋಡಿಸುತ್ತಾನೆ. ಡಬ್ಬಿಯ ಮೇಲೆ ಸಾವಿರ ಗಿಗಾಬೈಟ್ ಎಂದಿದೆ. ಕಂಪ್ಯೂಟರ್ ತೋರಿಸುವುದು 931.

ಇಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಹುಡುಗನ ನೂರೂ ನಿಜ, ಪರದೆಯ ಹನ್ನೆರಡೂ ನಿಜ. ಡಬ್ಬಿಯ ಸಾವಿರವೂ ನಿಜ, ಕಂಪ್ಯೂಟರಿನ 931 ಕೂಡ ನಿಜ. ಅಳೆದ ವಸ್ತು ಒಂದೇ. ಅಳೆದ ಸೇರು ಮಾತ್ರ ಬೇರೆ ಬೇರೆ. ಸಂತೆಯಲ್ಲಿ ರಾಗಿ ಕೊಳ್ಳುವಾಗ 'ಯಾವ ಸೇರು?' ಎಂದು ಕೇಳಿ ವ್ಯಾಪಾರ ಕುದುರಿಸುತ್ತಿದ್ದ ನಮ್ಮ ಹಿರಿಯರ ಜಾಣತನ ಈ ಹೊಸ ಸಂತೆಯಲ್ಲೂ ಬೇಕಾಗಿದೆ.

ಲಘುವೋ, ಗುರುವೋ

ಕಂಪ್ಯೂಟರಿನ ಅಳತೆಯಲ್ಲಿ ಎಲ್ಲಕ್ಕಿಂತ ಚಿಕ್ಕದು 'ಬಿಟ್'. ಎರಡೇ ಉತ್ತರಗಳಿರುವ ಒಂದು ಪ್ರಶ್ನೆಗೆ ಸಿಕ್ಕ ಒಂದು ಉತ್ತರವೇ ಬಿಟ್. ದೀಪ ಹತ್ತಿದೆಯೋ ಇಲ್ಲವೋ, ಸೊನ್ನೆಯೋ ಒಂದೋ - ಅಷ್ಟೇ. ಈ ಪದವನ್ನು ಸೂಚಿಸಿದವರು ಅಮೆರಿಕದ ಜಾನ್ ಟ್ಯೂಕಿ. ಅದನ್ನು ಅಚ್ಚಿನಲ್ಲಿ ಬಳಸಿ ಶಾಸ್ತ್ರದ ಸ್ಥಾನ ಕೊಟ್ಟವರು ಕ್ಲಾಡ್ ಶಾನನ್, 1948ರಲ್ಲಿ ಪ್ರಕಟಿಸಿದ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ.

ಕನ್ನಡ ಶಾಲೆಯಲ್ಲಿ ಓದಿದವರಿಗೆ ಈ ಲೆಕ್ಕ ಹೊಸದೇನಲ್ಲ. ಪದ್ಯಕ್ಕೆ ಪ್ರಸ್ತಾರ ಹಾಕುವಾಗ ಪ್ರತಿ ಅಕ್ಷರಕ್ಕೂ ಎರಡೇ ಚಿಹ್ನೆ: ಲಘು ಅಥವಾ ಗುರು. ಅಕ್ಷರಗಣವೊಂದರಲ್ಲಿ ಮೂರು ಅಕ್ಷರ. ಮೊದಲನೆಯದಕ್ಕೆ ಎರಡು ಸಾಧ್ಯತೆ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಎರಡು, ಗುಣಿಸಿದರೆ ಎಂಟು. ಯಗಣ, ಮಗಣ, ತಗಣ, ರಗಣ ಮುಂತಾಗಿ ಗಣಗಳು ಎಂಟೇ ಇರುವುದಕ್ಕೆ ಕಾರಣ ಇದೇ. ಕಂಪ್ಯೂಟರಿನ ಭಾಷೆಯಲ್ಲಿ ಹೇಳುವುದಾದರೆ ಒಂದು ಗಣ ಎಂದರೆ ಮೂರು ಬಿಟ್.

ಪಾದದಲ್ಲಿ ಒಂದೊಂದು ಅಕ್ಷರ ಹೆಚ್ಚಿದಂತೆ ಸಾಧ್ಯತೆಗಳು ಇಮ್ಮಡಿಸುತ್ತವೆ. ಪಾದಕ್ಕೆ ಎಂಟು ಅಕ್ಷರಗಳಿರುವ ಅನುಷ್ಟುಪ್ ಛಂದಸ್ಸಿನಲ್ಲಿ 256 ಬಗೆಯ ಪಾದಗಳು ಸಾಧ್ಯ. ಹತ್ತು ಅಕ್ಷರಗಳ ಪಂಕ್ತಿ ಛಂದಸ್ಸಿನಲ್ಲಿ 1024. ಉತ್ಪಲಮಾಲೆ, ಮತ್ತೇಭವಿಕ್ರೀಡಿತಗಳು ಸೇರುವ ಇಪ್ಪತ್ತು ಅಕ್ಷರಗಳ ಕೃತಿ ಛಂದಸ್ಸಿನಲ್ಲಿ 10,48,576. ಇಂಥ ಎಣಿಕೆಗೆ ಸಂಸ್ಕೃತದಲ್ಲಿ ಪಿಂಗಳನ ಛಂದಃಶಾಸ್ತ್ರ ಮೂಲ. ಕನ್ನಡದಲ್ಲಿ ಹತ್ತನೆಯ ಶತಮಾನದ ಕೊನೆಯ ಭಾಗದ ನಾಗವರ್ಮ ತನ್ನ 'ಛಂದೋಂಬುಧಿ'ಯ ಕೊನೆಯ ಅಧಿಕಾರವನ್ನು ಪ್ರಸ್ತಾರವೇ ಮೊದಲಾದ ಷಟ್ಪ್ರತ್ಯಯಗಳಿಗೆ ಮೀಸಲಿಟ್ಟಿದ್ದಾನೆ. ಹಿಂದಿನವರು ಕಂಪ್ಯೂಟರನ್ನು ಕಂಡಿದ್ದರು ಎಂದು ಇದರಿಂದ ಹೇಳಬೇಕಾಗಿಲ್ಲ. ಎರಡೇ ಸಾಧ್ಯತೆಗಳಿರುವ ವಸ್ತುವನ್ನು ಯಾರು ಎಣಿಸಿದರೂ ಇವೇ ಸಂಖ್ಯೆಗಳು ಬರುತ್ತವೆ, ಅಷ್ಟೆ. 256, 1024, 10,48,576 - ಈ ಮೂರು ಸಂಖ್ಯೆಗಳನ್ನು ಓದುಗರು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ದಾರಿ ಸುಲಭ.

ಅಕ್ಷರದ ತೂಕ

ಒಂದೊಂದೇ ಬಿಟ್ಟಿನಿಂದ ಹೆಚ್ಚಿನ ಕೆಲಸವಾಗದು. ಎಂಟು ಬಿಟ್ಟುಗಳನ್ನು ಒಂದು ಕಟ್ಟು ಕಟ್ಟಿದರೆ ಅದು 'ಬೈಟ್'. ಅನುಷ್ಟುಪ್ಪಿನ ಲೆಕ್ಕದಂತೆ ಒಂದು ಬೈಟಿನಲ್ಲಿ 256 ಬೇರೆ ಬೇರೆ ಸಂಕೇತಗಳನ್ನು ಹೇಳಬಹುದು. ಈ ಹೆಸರನ್ನು 1956ರಲ್ಲಿ ಇಟ್ಟವರು ಐಬಿಎಂ ಸಂಸ್ಥೆಯ ವರ್ನರ್ ಬುಕ್‌ಹೋಲ್ಟ್ಸ್. ಆಗ ಬೈಟಿಗೆ ಎಷ್ಟು ಬಿಟ್ ಎಂಬುದು ಗಟ್ಟಿಯಾಗಿರಲಿಲ್ಲ. 1964ರಲ್ಲಿ ಅದೇ ಸಂಸ್ಥೆ ಹೊರತಂದ 'ಸಿಸ್ಟಂ 360' ಕಂಪ್ಯೂಟರುಗಳ ನಂತರ ಎಂಟು ಎಂಬುದು ರೂಢಿಯಾಗಿ ನೆಲೆ ನಿಂತಿತು.

ಇಂಗ್ಲಿಷಿನ ದೊಡ್ಡ ಅಕ್ಷರ, ಚಿಕ್ಕ ಅಕ್ಷರ, ಅಂಕಿ, ವಿರಾಮಚಿಹ್ನೆಗಳೆಲ್ಲ ಸೇರಿದರೂ ನೂರರ ಆಸುಪಾಸು. ಅವಕ್ಕೆ ಒಂದು ಬೈಟು ಧಾರಾಳವಾಗಿ ಸಾಕು. ಹಾಗಾದರೆ ಕನ್ನಡಕ್ಕೆ? ಭಾರತೀಯ ಭಾಷೆಗಳಿಗಾಗಿ ರೂಪಿಸಿದ 'ಇಸ್ಕಿ' ಸಂಕೇತದಲ್ಲಿ ಕನ್ನಡದ ಮೂಲಾಕ್ಷರಕ್ಕೂ, ಕಾಗುಣಿತದ ಗುರುತಿಗೂ ತಲಾ ಒಂದೊಂದು ಬೈಟ್ ಇತ್ತು. 1990ರ ದಶಕದ ಹಲವು ಕನ್ನಡ ತಂತ್ರಾಂಶಗಳು ಅಕ್ಷರದ ಆಕಾರದ ತುಣುಕುಗಳಿಗೆ ತಮ್ಮದೇ ಒಂದು ಬೈಟಿನ ಸಂಖ್ಯೆಗಳನ್ನು ಕೊಟ್ಟುಕೊಂಡವು. ಜಾಗದ ಉಳಿತಾಯವೇನೋ ಆಯಿತು. ಆದರೆ ಒಬ್ಬರು ಬೆರಳಚ್ಚು ಮಾಡಿದ ಲೇಖನ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತಿತ್ತು. ಊರಿಗೊಂದು ಸೇರು ಇದ್ದಂತೆ ಫಾಂಟಿಗೊಂದು ಲೆಕ್ಕ.

ಈ ಗೊಂದಲಕ್ಕೆ ಪರಿಹಾರವಾಗಿ ಬಂದದ್ದು ಲೋಕದ ಎಲ್ಲ ಲಿಪಿಗಳಿಗೂ ಒಂದೇ ಪಟ್ಟಿಯಲ್ಲಿ ಜಾಗ ಕೊಟ್ಟ ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಆದರೆ ಪಟ್ಟಿ ದೊಡ್ಡದಾದಾಗ ಸಂಖ್ಯೆಯೂ ದೊಡ್ಡದಾಗಲೇಬೇಕು. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ, ಈಗ ಎಲ್ಲೆಡೆ ಬಳಕೆಯಲ್ಲಿರುವ 'ಯುಟಿಎಫ್-8' ಪದ್ಧತಿಯಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಬೇಕು.

'ರಾಜಾಜಿನಗರ' ಎಂಬ ಹೆಸರನ್ನೇ ತೂಗಿ ನೋಡಬಹುದು. ಕಣ್ಣಿಗೆ ಕಾಣುವುದು ಆರು ಅಕ್ಷರ. ದೀರ್ಘದ ಗುರುತು ಎರಡು, ಗುಡಿಸು ಒಂದು. ಅವೂ ಸೇರಿ ಒಂಬತ್ತು ಸಂಕೇತ. ಒಟ್ಟು 27 ಬೈಟ್. ಇದೇ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಹನ್ನೊಂದು ಅಕ್ಷರ, 11 ಬೈಟ್. ಒತ್ತಕ್ಷರ ಬಂದರಂತೂ ಕೇಳುವುದೇ ಬೇಡ. 'ಸ್ತ್ರೀ' ಎಂಬ ಒಂದೇ ಅಕ್ಷರದಲ್ಲಿ ಸಕಾರ, ತಕಾರ, ರಕಾರ, ನಡುವೆ ಎರಡು ಹಲಂತ, ಕೊನೆಗೊಂದು ಈಕಾರ - ಆರು ಸಂಕೇತ, 18 ಬೈಟ್, ಅಂದರೆ 144 ಬಿಟ್. ಛಂದಸ್ಸಿನ ಮೇಷ್ಟ್ರಿಗೆ ಅದು ಬರಿಯ ಒಂದು ಗುರು!

ಇದರಿಂದ ಕನ್ನಡಕ್ಕೆ ನಷ್ಟವಾಗಲಿಲ್ಲವೇ? ಒಂದು ಕಡೆ ಖಂಡಿತವಾಗಿ ಆಗಿದೆ. ಮೊಬೈಲಿನ ಎಸ್ಸೆಮ್ಮೆಸ್ ಒಂದರಲ್ಲಿ ಹಿಡಿಯುವುದು 140 ಬೈಟ್, ಅಂದರೆ 1120 ಬಿಟ್. ಇಂಗ್ಲಿಷಿನ ಅಕ್ಷರವನ್ನು ಅಲ್ಲಿ ಏಳು ಬಿಟ್ಟಿನಲ್ಲಿ ಕಳುಹಿಸುವುದರಿಂದ 160 ಅಕ್ಷರಗಳಿಗೆ ಜಾಗ. ಕನ್ನಡದ ಸಂಕೇತಕ್ಕೆ ಸಾಮಾನ್ಯವಾಗಿ ಅಲ್ಲಿ ಹದಿನಾರು ಬಿಟ್. ಹಾಗಾಗಿ 70ಕ್ಕೇ ಸಂದೇಶ ಮುಗಿಯುತ್ತದೆ. 71ನೆಯ ಸಂಕೇತ ಬಂದರೆ ಅದು ಎರಡು ಸಂದೇಶ. ಸಂದೇಶಕ್ಕೆ ಇಷ್ಟೆಂದು ದುಡ್ಡು ಕೊಡುವಲ್ಲಿ ತಾಯ್ನುಡಿಯಲ್ಲಿ ಬರೆದವರು ಹೆಚ್ಚು ಕೊಟ್ಟರು. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಅಭ್ಯಾಸ ಬೇರೂರುವುದಕ್ಕೆ ಇದೂ ನೀರೆರೆಯಿತು.

ಉಳಿದೆಡೆ ಹೊರೆ ಅಷ್ಟು ಭಾರವಾದುದಲ್ಲ. ಮುನ್ನೂರು ಪುಟಗಳ ಕಾದಂಬರಿಯೊಂದರಲ್ಲಿ ಪುಟಕ್ಕೆ ಒಂದೂವರೆ ಸಾವಿರ ಸಂಕೇತಗಳೆಂದು ಹಿಡಿದರೂ ಒಟ್ಟು ನಾಲ್ಕೂವರೆ ಲಕ್ಷ. ಮೂರರಿಂದ ಗುಣಿಸಿದರೆ ಹದಿಮೂರೂವರೆ ಲಕ್ಷ ಬೈಟ್. ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಎಷ್ಟೋ ವೇಳೆ ಇದಕ್ಕಿಂತ ದೊಡ್ಡದು. ಮೇಲಾಗಿ ಕನ್ನಡದ ಮೂರು ಬೈಟುಗಳಲ್ಲಿ ಮೊದಲನೆಯದು ಯಾವಾಗಲೂ ಒಂದೇ, ಎರಡನೆಯದಕ್ಕೆ ಎರಡೇ ರೂಪ. ಹೀಗೆ ಮತ್ತೆ ಮತ್ತೆ ಬರುವುದನ್ನು ಅಡಕಿಸುವ ತಂತ್ರ ಕಂಪ್ಯೂಟರಿಗೆ ಚೆನ್ನಾಗಿ ಗೊತ್ತು. ಎಲ್ಲರಿಗೂ ಒಂದೇ ಪಟ್ಟಿ ಎಂಬ ಒಪ್ಪಂದಕ್ಕೆ ಕನ್ನಡ ಕೊಟ್ಟ ಬೆಲೆ ಇದು; ರಾಜಾಜಿನಗರದಲ್ಲಿ ಬರೆದದ್ದು ಕಾಸರಗೋಡಿನಲ್ಲೂ ಕನ್ನಡವಾಗಿಯೇ ಕಾಣುವುದು ಅದರ ಪ್ರತಿಫಲ.

ಕಚ್ಚಾ ಸೇರು, ಪಕ್ಕಾ ಸೇರು

ಇನ್ನು ಡಿಸ್ಕಿನ ಪ್ರಶ್ನೆ. ಸಾವಿರ ಹೇಗೆ 931 ಆಯಿತು?

ಹಳೆಯ ಮೈಸೂರಿನ ಹಲವು ಅಳತೆಗಳು ಅರ್ಧರ್ಧವಾಗಿ ಒಡೆಯುವಂಥವು. ಸೇರಿನಲ್ಲಿ ಅರ್ಧ ಅಚ್ಚೇರು, ಅದರಲ್ಲಿ ಅರ್ಧ ಪಾವು, ಮತ್ತೂ ಅರ್ಧ ಅರೆಪಾವು. ರೂಪಾಯಿಯೂ ಹಾಗೆಯೇ: ಎಂಟಾಣೆ, ನಾಲ್ಕಾಣೆ, ಎರಡಾಣೆ, ಒಂದಾಣೆ. ಹದಿನಾರು ಆಣೆಗೆ ಒಂದು ರೂಪಾಯಿ, ನಾಲ್ಕು ಪೈಸೆಗೆ ಒಂದು ಆಣೆ. ರೂಪಾಯಿಗೆ 64 ಪೈಸೆ. ಎಲ್ಲವೂ ಎರಡರ ಗುಣಾಕಾರ. ಕಂಪ್ಯೂಟರಿನ ಸ್ಮರಣಕೋಶವೂ ಇದೇ ಜಾತಿಗೆ ಸೇರಿದ್ದು. ಅದರೊಳಗಿನ ಮನೆಗಳಿಗೆ ವಿಳಾಸ ಬರೆಯುವುದು ಬಿಟ್ಟುಗಳಲ್ಲಿ. ಹತ್ತು ಬಿಟ್ಟಿನ ವಿಳಾಸದಲ್ಲಿ ಪಂಕ್ತಿ ಛಂದಸ್ಸಿನಂತೆ 1024 ಮನೆಗಳನ್ನು ಗುರುತಿಸಬಹುದು. ಸಾವಿರಕ್ಕೆ ನಿಲ್ಲಿಸುವುದು ಅಸಹಜ. ಮೊದಲ ತಲೆಮಾರಿನ ತಂತ್ರಜ್ಞರು '1024 ಎಂದರೆ ಹೆಚ್ಚು ಕಡಿಮೆ ಸಾವಿರವೇ ತಾನೆ' ಎಂದುಕೊಂಡು, ಸಾವಿರವನ್ನು ಸೂಚಿಸುವ 'ಕಿಲೋ' ಎಂಬ ಮಾತನ್ನು ಅದಕ್ಕೆ ತಗುಲಿಸಿದರು. 1024 ಕಿಲೋಬೈಟಿಗೆ ಒಂದು ಮೆಗಾಬೈಟ್ (ಕೃತಿ ಛಂದಸ್ಸಿನ 10,48,576), 1024 ಮೆಗಾಬೈಟಿಗೆ ಒಂದು ಗಿಗಾಬೈಟ್ - ಹೀಗೆ ಲೆಕ್ಕ ಬೆಳೆಯಿತು.

ಡಿಸ್ಕಿಗೆ ಇಂಥ ಕಟ್ಟುಪಾಡಿಲ್ಲ. ಅದರ ತಯಾರಕರು ಕಿಲೋಗ್ರಾಂ, ಕಿಲೋಮೀಟರುಗಳಲ್ಲಿ ಇರುವ ಸಾವಿರದ ಅರ್ಥವನ್ನೇ ಹಿಡಿದರು. ಅವರಿಗೆ ಒಂದು ಗಿಗಾಬೈಟ್ ಎಂದರೆ ಸರಿಯಾಗಿ ನೂರು ಕೋಟಿ ಬೈಟ್, ಒಂದು ಟೆರಾಬೈಟ್ ಎಂದರೆ ಒಂದು ಲಕ್ಷ ಕೋಟಿ ಬೈಟ್. ವಿಂಡೋಸ್ ತಂತ್ರಾಂಶ ಆ ಲಕ್ಷ ಕೋಟಿಯನ್ನು 1024ರಿಂದ ಮೂರು ಸಲ ಭಾಗಿಸುತ್ತದೆ, ಬರುವುದು 931. ಒಂದು ಬೈಟೂ ಕಳುವಾಗಿಲ್ಲ. ಸಣ್ಣ ಸೇರಿನಲ್ಲಿ ಅಳೆದು ಮಾರಿದ್ದನ್ನು ಮನೆಯ ದೊಡ್ಡ ಸೇರಿನಲ್ಲಿ ಅಳೆದು ನೋಡಿದಂತೆ.

ಹಳೆಯ ಪೇಟೆಗಳಲ್ಲಿ ಕಚ್ಚಾ ಸೇರು, ಪಕ್ಕಾ ಸೇರು ಎಂದು ಎರಡಿದ್ದವು. ಎರಡಕ್ಕೂ ಬೇರೆ ಹೆಸರಾದರೂ ಇತ್ತು. ಇಲ್ಲಿ ಎರಡನ್ನೂ ಗಿಗಾಬೈಟ್ ಎಂದೇ ಕರೆಯುವುದರಿಂದ ತೊಡಕು. ಮೇಲಾಗಿ ಅಳತೆ ದೊಡ್ಡದಾದಷ್ಟೂ ಅಂತರವೂ ಹಿಗ್ಗುತ್ತದೆ. ಕಿಲೋಬೈಟಿನಲ್ಲಿ ವ್ಯತ್ಯಾಸ ನೂರಕ್ಕೆ 2.4, ಮೆಗಾಬೈಟಿನಲ್ಲಿ 4.9, ಗಿಗಾಬೈಟಿನಲ್ಲಿ 7.4, ಟೆರಾಬೈಟಿಗೆ ಬರುವಾಗ ಸುಮಾರು ಹತ್ತು. ಒಂದು ಕಾಲಕ್ಕೆ ಮನೆಮನೆಯಲ್ಲಿದ್ದ '1.44 ಮೆಗಾಬೈಟ್' ಫ್ಲಾಪಿಯದಂತೂ ಎರಡೂ ಅಲ್ಲದ ಲೆಕ್ಕ: ಅಲ್ಲಿ ಒಂದು ಮೆಗಾಬೈಟ್ ಎಂದರೆ ಸಾವಿರ ಸಲ 1024!

1957ರ ಏಪ್ರಿಲ್ 1ರಂದು ದೇಶದಲ್ಲಿ ದಶಮಾನ ನಾಣ್ಯ ಪದ್ಧತಿ ಬಂದಾಗ ನಮ್ಮವರೂ ಇಂಥದೇ ಪೇಚಿಗೆ ಸಿಕ್ಕಿದ್ದರು. ರೂಪಾಯಿಗೆ ನೂರು ನಯಾ ಪೈಸೆ ಎಂದಾಯಿತು. ನಾಲ್ಕಾಣೆಗೆ 25 ಸರಿಹೊಂದಿತು. ಆದರೆ ಒಂದಾಣೆಗೆ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯವೆಲ್ಲಿ? ಆರು ಎಂದು ಇಳಿಸಿದರು. ಒಂದಾಣೆಯ ವಸ್ತುವನ್ನು ನಾಲ್ಕು ಬಾರಿ ಕೊಂಡವನು ಕೊಡುವುದು 24 ಪೈಸೆ, ಒಟ್ಟಿಗೆ ಕೊಂಡವನು ಕೊಡುವುದು 25. ಎರಡರ ಲೆಕ್ಕ ಹತ್ತರ ಲೆಕ್ಕಕ್ಕೆ ಕೂಡಿಬರದಿರುವುದೇ ಅಲ್ಲೂ ಇಲ್ಲೂ ಕಾರಣ. ಆಣೆ ಹೋದರೂ 25 ಪೈಸೆಯ ಬಿಲ್ಲೆಯನ್ನು ಅದು 2011ರಲ್ಲಿ ಚಲಾವಣೆಯಿಂದ ಹೋಗುವವರೆಗೆ ಜನ 'ನಾಲ್ಕಾಣೆ' ಎಂದೇ ಕರೆದರು. ಹೆಸರು ಅಳತೆಗಿಂತ ಹೆಚ್ಚು ಕಾಲ ಬದುಕುತ್ತದೆ.

ಈ ತೊಡಕನ್ನು ಬಿಡಿಸಲು ಅಂತರರಾಷ್ಟ್ರೀಯ ವಿದ್ಯುತ್‌ತಾಂತ್ರಿಕ ಆಯೋಗ 1998ರ ಡಿಸೆಂಬರ್‌ನಲ್ಲಿ 1024ರ ಲೆಕ್ಕಕ್ಕೆ ಕಿಬಿಬೈಟ್, ಮೆಬಿಬೈಟ್, ಗಿಬಿಬೈಟ್ ಎಂಬ ಹೊಸ ಹೆಸರುಗಳನ್ನು ಕೊಟ್ಟಿತು. ತಜ್ಞರ ಬರಹಗಳಲ್ಲಿ ಅವು ನಿಂತವು, ಅಂಗಡಿಗೆ ಇಳಿಯಲಿಲ್ಲ. 2009ರಲ್ಲಿ ಆಪಲ್ ಸಂಸ್ಥೆ ತನ್ನ ಕಂಪ್ಯೂಟರುಗಳಲ್ಲಿ ಡಿಸ್ಕನ್ನು ಸಾವಿರದ ಲೆಕ್ಕದಲ್ಲೇ ತೋರಿಸತೊಡಗಿತು. ವಿಂಡೋಸ್ ಹಳೆಯ ಪದ್ಧತಿಯನ್ನು ಬಿಡಲಿಲ್ಲ. ಒಂದೇ ಡಿಸ್ಕನ್ನು ಎರಡು ಯಂತ್ರಗಳಿಗೆ ಜೋಡಿಸಿದರೆ ಎರಡು ಉತ್ತರ ಬರುವುದು ಹೀಗೆ.

ಸಂಪಿನ ಲೀಟರು, ನಲ್ಲಿಯ ವೇಗ

ಮೇಷ್ಟ್ರ ಮೊದಲ ದೂರು ವೇಗದ್ದು. ಬಸವೇಶ್ವರನಗರದ ಯಾವುದೇ ಮನೆಯಲ್ಲಿ ಸಂಪು ಎಷ್ಟು ದೊಡ್ಡದು ಎಂಬುದನ್ನು ಲೀಟರಿನಲ್ಲಿ ಹೇಳುತ್ತಾರೆ. ನಲ್ಲಿ ಎಷ್ಟು ಜೋರು ಎಂಬುದನ್ನು ನಿಮಿಷಕ್ಕೆ ಇಷ್ಟು ಲೀಟರ್ ಎಂದು ಹೇಳಬೇಕು. ಮಾಹಿತಿಗೂ ಅಷ್ಟೆ: ಶೇಖರಣೆಗೆ ಒಂದು ಅಳತೆ, ಹರಿವಿಗೆ ಸೆಕೆಂಡಿನ ಲೆಕ್ಕ. ಆದರೆ ಇಲ್ಲಿ ಸಂಪನ್ನು ಬೈಟಿನಲ್ಲೂ ನಲ್ಲಿಯನ್ನು ಬಿಟ್ಟಿನಲ್ಲೂ ಅಳೆಯುವ ರೂಢಿ ಬಿದ್ದಿದೆ.

ಇದಕ್ಕೆ ಚರಿತ್ರೆಯ ಕಾರಣವಿದೆ. ತಂತಿಯ ಮೇಲೆ ಸಂದೇಶ ಕಳುಹಿಸುವವರ ಮನೆತನ ಟೆಲಿಗ್ರಾಫಿನದು. ತಂತಿಯಲ್ಲಿ ಮಿಡಿತಗಳು ಒಂದರ ಹಿಂದೊಂದು ಹೋಗುತ್ತವೆ. ಸೆಕೆಂಡಿಗೆ ಎಷ್ಟು ಮಿಡಿತ ಎಂಬುದೇ ಅವರಿಗೆ ಮುಖ್ಯ. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ತಂತ್ರಜ್ಞ ಎಮಿಲ್ ಬೋದೋ ಹೆಸರಿನ 'ಬಾಡ್' ಎಂಬ ಮಾನ ಅಲ್ಲಿಂದಲೇ ಬಂದದ್ದು. ಅವನ ಸಂಕೇತದಲ್ಲಿ ಒಂದು ಅಕ್ಷರಕ್ಕೆ ಐದೇ ಮಿಡಿತ. ಶೇಖರಿಸುವವರಿಗಾದರೋ ಅಕ್ಷರ ಮುಖ್ಯ. ಅವರು ಬೈಟ್ ಹಿಡಿದರು. ಎರಡು ಮನೆತನ ಒಂದೇ ಪೆಟ್ಟಿಗೆಯಲ್ಲಿ ಕೂಡಿದರೂ ತಮ್ಮ ತಮ್ಮ ಅಳತೆ ಬಿಡಲಿಲ್ಲ.

ಹೀಗಾಗಿ 'ನೂರರ ಸ್ಪೀಡು' ಎಂದರೆ ಸೆಕೆಂಡಿಗೆ ನೂರು ಮೆಗಾಬಿಟ್. ಎಂಟರಿಂದ ಭಾಗಿಸಿದರೆ ಹನ್ನೆರಡೂವರೆ ಮೆಗಾಬೈಟ್. ಮೇಷ್ಟ್ರ ಪರದೆ ತೋರಿಸಿದ್ದು ಅದನ್ನೇ. ಇಂಗ್ಲಿಷಿನಲ್ಲಿ ಬರೆಯುವಾಗ ಬಿಟ್ಟಿಗೆ ಚಿಕ್ಕ 'ಬಿ', ಬೈಟಿಗೆ ದೊಡ್ಡ 'ಬಿ' ಎಂಬ ಗುರುತಾದರೂ ಇದೆ. ಕನ್ನಡದಲ್ಲಿ ದೊಡ್ಡಕ್ಷರ-ಚಿಕ್ಕಕ್ಷರದ ಭೇದವಿಲ್ಲ; 'ಎಂಬಿ' ಎಂದು ಬರೆದರೆ ಯಾವುದೂ ಆಗಬಹುದು. ಎಂಟು ಪಟ್ಟಿನ ವ್ಯತ್ಯಾಸ ಒಂದು ಅಕ್ಷರದೊಳಗೆ ಅಡಗಿ ಕುಳಿತಿದೆ. ಆದ್ದರಿಂದ ಕನ್ನಡದಲ್ಲಿ ಬರೆಯುವವರು 'ಬಿಟ್', 'ಬೈಟ್' ಎಂದು ಬಿಡಿಸಿಯೇ ಬರೆಯುವುದು ಕ್ಷೇಮ.

ಈ ನಲ್ಲಿಯ ಗಾತ್ರ ಬೆಳೆದ ಬಗೆಯೂ ಸ್ವಾರಸ್ಯವಾದುದು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ದೇಶದ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದಾಗ ಟೆಲಿಫೋನ್ ತಂತಿಯ ಮೇಲೆ ಸಿಗುತ್ತಿದ್ದ ವೇಗ ಸೆಕೆಂಡಿಗೆ 9.6 ಕಿಲೋಬಿಟ್. ಒಂದು ಗಿಗಾಬೈಟಿನ ಚಲನಚಿತ್ರವನ್ನು ಆ ವೇಗದಲ್ಲಿ ಇಳಿಸಲು ಹಗಲೂ ರಾತ್ರಿ ಸೇರಿ ಒಂಬತ್ತೂವರೆ ದಿನಕ್ಕೂ ಹೆಚ್ಚು ಬೇಕಿತ್ತು. 2004ರ ಬ್ರಾಡ್‌ಬ್ಯಾಂಡ್ ನೀತಿ ಕನಿಷ್ಠ 256 ಕಿಲೋಬಿಟ್ ಇದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಎನ್ನಬಹುದೆಂದಿತು; ಅದೇ ಚಿತ್ರಕ್ಕೆ ಎಂಟು ಗಂಟೆ ನಲವತ್ತು ನಿಮಿಷ. 2013ರಲ್ಲಿ ಆ ಮಿತಿ 512 ಕಿಲೋಬಿಟ್ ಆಯಿತು, 2023ರ ಜನವರಿಯಲ್ಲಿ 2 ಮೆಗಾಬಿಟ್. ಮೇಷ್ಟ್ರ ಮನೆಯ ನೂರು ಮೆಗಾಬಿಟ್ಟಿನಲ್ಲಿ, ಎಲ್ಲವೂ ಸರಿಯಿದ್ದರೆ, ಎಂಬತ್ತು ಸೆಕೆಂಡು.

'ಎಲ್ಲವೂ ಸರಿಯಿದ್ದರೆ' ಎಂಬುದನ್ನು ಗಮನಿಸಬೇಕು. ಜಾಹೀರಾತಿನ ಸಂಖ್ಯೆಯ ಪಕ್ಕದಲ್ಲಿ ಎಷ್ಟೋ ವೇಳೆ ಸಣ್ಣದಾಗಿ 'ವರೆಗೆ' ಎಂದಿರುತ್ತದೆ. ಒಂದೇ ಮುಖ್ಯ ಕೊಳವೆಯನ್ನು ಬೀದಿಯ ಹಲವು ಮನೆಗಳು ಹಂಚಿಕೊಂಡಿರುವಾಗ ಸಂಜೆ ಎಲ್ಲರೂ ನಲ್ಲಿ ತಿರುಗಿಸಿದರೆ ಧಾರೆ ಸಣ್ಣಗಾಗುವುದು ಸಹಜ. ಕಳುಹಿಸುವ ಮಾಹಿತಿಯ ಜೊತೆ ವಿಳಾಸ ಮೊದಲಾದ ಮೇಲುಹೊದಿಕೆಯೂ ಹೋಗುವುದರಿಂದ ಅದರ ಪಾಲು ಸ್ವಲ್ಪ ಕಳೆಯುತ್ತದೆ. ಮೊಬೈಲ್ ಗ್ರಾಹಕರಿಗೆ ಇನ್ನೊಂದು ಎಚ್ಚರಿಕೆ: ದಿನಕ್ಕೆ ಒಂದೂವರೆ ಗಿಗಾಬೈಟ್ ಎಂಬುದು ಸಂಪಿನ ಅಳತೆ, ನಲ್ಲಿಯದಲ್ಲ. ಸೆಕೆಂಡಿಗೆ 50 ಮೆಗಾಬಿಟ್ ವೇಗದಲ್ಲಿ ಬಿಡದೆ ಹರಿದರೆ ಇಡೀ ದಿನದ ಪಾಲು ನಾಲ್ಕೇ ನಿಮಿಷದಲ್ಲಿ ಬರಿದು.

ಬ್ಯಾಲಾಳುವಿನ ಪಾಠ

ವೇಗ ಎಂಬ ಮಾತಿನಲ್ಲಿ ಇನ್ನೊಂದು ಅರ್ಥವೂ ಸೇರಿಕೊಂಡಿದೆ. ಕೆಂಗೇರಿಯಿಂದ ಪಶ್ಚಿಮಕ್ಕೆ ಸಾಗಿದರೆ ಬ್ಯಾಲಾಳು ಎಂಬ ಹಳ್ಳಿ ಸಿಗುತ್ತದೆ. ಅಲ್ಲಿ ಇಸ್ರೋದ ದೂರಾಂತರಿಕ್ಷ ಜಾಲದ 32 ಮೀಟರ್ ಅಗಲದ ಬೃಹತ್ ಆಂಟೆನಾ ಇದೆ. 2008ರ ಅಕ್ಟೋಬರಿನಲ್ಲಿ ಚಂದ್ರಯಾನ-1 ಹೊರಟಾಗ ಅದರ ಮಾತು ಕೇಳಿಸಿಕೊಂಡದ್ದು ಇದೇ ಕಿವಿ. ಚಂದ್ರ ಸುಮಾರು 3,84,000 ಕಿ.ಮೀ. ದೂರ, ಬೆಳಕಿನ ವೇಗದಲ್ಲಿ ಬರುವ ಸಂಕೇತಕ್ಕೆ ಹೆಚ್ಚು ಕಡಿಮೆ ಒಂದೂಕಾಲು ಸೆಕೆಂಡು ಸಾಕು. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಮಂಗಳನ ಕಕ್ಷೆ ಸೇರಿದಾಗ ಮಾತ್ರ ಅಲ್ಲಿಂದ ಸುದ್ದಿ ಬರಲು ಸುಮಾರು ಹನ್ನೆರಡು ನಿಮಿಷ ಹಿಡಿಯಿತು. ಆಂಟೆನಾ ಎಷ್ಟೇ ದೊಡ್ಡದಿರಲಿ, ಸೆಕೆಂಡಿಗೆ ಎಷ್ಟೇ ಬಿಟ್ ಹರಿಯಲಿ, ಆ ಹನ್ನೆರಡು ನಿಮಿಷ ಕಡಿಮೆಯಾಗುವುದಿಲ್ಲ.

ಬೀದಿಯ ಕೊನೆಯ ಮನೆಯವರಿಗೆ ಇದು ಅರ್ಥವಾಗುತ್ತದೆ. ವಾಲ್ವ್ ತಿರುಗಿಸಿದ ಎಷ್ಟೋ ಹೊತ್ತಿನ ಮೇಲೆ ಅವರ ನಲ್ಲಿಗೆ ನೀರು ಬರುತ್ತದೆ. ಬಂದ ಮೇಲೆ ಧಾರೆ ಜೋರಾಗಿಯೇ ಇರಬಹುದು. ಧಾರೆಯ ಗಾತ್ರ ಒಂದು, ಬರುವುದಕ್ಕೆ ಹಿಡಿಯುವ ತಡ ಇನ್ನೊಂದು. ಪರದೇಶದಲ್ಲಿರುವ ಮಗಳೊಡನೆ ವಿಡಿಯೋದಲ್ಲಿ ಮಾತಾಡುವಾಗ ಚಿತ್ರ ಸ್ವಚ್ಛವಾಗಿದ್ದೂ ಉತ್ತರ ಅರೆಕ್ಷಣ ತಡವಾಗಿ ಬಂದರೆ, ನೂರರ ಬದಲು ಇನ್ನೂರರ ಸಂಪರ್ಕ ಕೊಂಡು ಪ್ರಯೋಜನವಿಲ್ಲ. ಅಲ್ಲಿ ಕೊರತೆಯಿರುವುದು ಧಾರೆಯದಲ್ಲ.

ಹಣ ಕೊಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ಬಿಟ್ಟೋ ಬೈಟೋ? ಸಾವಿರದ ಲೆಕ್ಕವೋ 1024ರದೋ? 'ವರೆಗೆ' ಎಂದೋ 'ಕನಿಷ್ಠ' ಎಂದೋ? ದಿನದ ಪಾಲು ಮುಗಿದ ಮೇಲೆ ವೇಗ ಎಷ್ಟಕ್ಕೆ ಇಳಿಯುತ್ತದೆ? ಲಘು-ಗುರುಗಳನ್ನು ಎಣಿಸಿ ಛಂದಸ್ಸು ಕಲಿಸಿದ ಮೇಷ್ಟ್ರಿಗೆ ಈ ಪ್ರಶ್ನೆಗಳು ಕಷ್ಟವಲ್ಲ. ಎಂಟರಿಂದ ಭಾಗಿಸಬೇಕೆಂದು ಯಾರಾದರೂ ಹೇಳಬೇಕಿತ್ತು, ಅಷ್ಟೆ. ತಂತಿ ಎಳೆದ ಹುಡುಗನಿಗೂ ಅದನ್ನು ಯಾರೂ ಹೇಳಿಕೊಟ್ಟಿರಲಾರರು.